ಮನೆಯ ಮಾತು, ಮನೆತನದ ಮಾತು

ಹಿರಿಯರು ಬಾಳಿದ ಮನೆಯನ್ನು ಮಾರುವುದು ಯಾವ ಕುಟುಂಬಕ್ಕೂ ಹಗುರವಾದ ಸಂಗತಿಯಲ್ಲ. ಶಿಕಾರಿಪುರ, ಸೊರಬದ ಸೀಮೆಯಲ್ಲಿ ಅಡಿಕೆಯ ವ್ಯಾಪಾರದಲ್ಲಿಯೂ ಮಠದ ದಾಸೋಹದಲ್ಲಿಯೂ ಲಗ್ನದ ಚಪ್ಪರದಲ್ಲಿಯೂ ಕಾಣುವುದು ಅವೇ ಮುಖಗಳು. ಶಿರಾಳಕೊಪ್ಪದಲ್ಲಿ ಬೆಳಿಗ್ಗೆ ಆಡಿದ ಮಾತು ಸಂಜೆಯೊಳಗೆ ಆನವಟ್ಟಿಯನ್ನು ಮುಟ್ಟಿರುತ್ತದೆ.

ಸೊರಬದಲ್ಲಿದ್ದ ನಮ್ಮ ತಂದೆಯವರ ಮನೆಯನ್ನು ಮಾರಲು ಹೊರಟಾಗ, ನೋಡಲು ಬಂದವರು ಗೋಡೆ, ಬಾವಿಗಳಿಗಿಂತ ಮೊದಲು ನಮ್ಮನ್ನೇ ಪರೀಕ್ಷಿಸಿದರು. "ಸಾಲವಾಯಿತೇ? ಅಣ್ಣತಮ್ಮಂದಿರಲ್ಲಿ ಮನಸ್ತಾಪವೇ?" ಎಂಬವೇ ಮೊದಲ ಪ್ರಶ್ನೆಗಳು. ಮನೆಯವರೊಬ್ಬರ ಚಿಕಿತ್ಸೆಗೆ ಹಣ ಬೇಕಾಗಿತ್ತು. ಅದನ್ನು ಹೇಳಿದ್ದರೆ ನಮ್ಮ ಅವಸರವನ್ನರಿತು ಬೆಲೆ ಇಳಿಸುತ್ತಿದ್ದರು. ಮನೆಯಲ್ಲಿ ಲಗ್ನಕ್ಕಿದ್ದ ಹೆಣ್ಣುಮಗಳಿಗೆ ಆ ರೋಗದ ಹೆಸರು ಅಂಟಿಕೊಳ್ಳುತ್ತಿತ್ತು. "ಮನೆಯ ವಿಷಯ ಏನಿದ್ದರೂ ಕೇಳಿರಿ, ಹೇಳುತ್ತೇವೆ, ಮನೆಯವರ ವಿಷಯ ನಮಗಿರಲಿ" ಎಂದಷ್ಟೇ ಉತ್ತರಿಸಿದೆವು.

ಅಲ್ಲಮಪ್ರಭುಗಳ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿಗಳ ಮಣ್ಣಿನವರಾದ ನಾವು ಹೀಗೆ ಮರೆಮಾಚಬಹುದೇ ಎಂದು ಬಂಧುಗಳೊಬ್ಬರು ಕೇಳಿದರು. ಸುಳ್ಳು ಹೇಳುವುದು ಬೇರೆ, ಹೇಳದಿರುವುದು ಬೇರೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮು ಈ ಗೆರೆಯನ್ನು ಸ್ಪಷ್ಟವಾಗಿಯೇ ಎಳೆದಿದೆ. ಕೊಳ್ಳುವವನ ಕಣ್ಣಿಗೆ ಬೀಳದ, ನಮಗೆ ತಿಳಿದಿರುವ ಮುಖ್ಯ ದೋಷ ಮನೆಯಲ್ಲಿರಲಿ, ಹಕ್ಕಿನಲ್ಲಿರಲಿ, ತಿಳಿಸಲೇಬೇಕು. ಹಕ್ಕಿನ ಪತ್ರಗಳನ್ನು ತೋರಿಸಬೇಕು. ಆಸ್ತಿ ಮತ್ತು ಹಕ್ಕಿನ ಬಗ್ಗೆ ಕೇಳಿದ್ದಕ್ಕೆ ತಿಳಿದಷ್ಟು ಉತ್ತರಿಸಬೇಕು. ಏಕೆ ಮಾರುತ್ತೀರೆಂಬ ಕಾರಣ ಆ ಪಟ್ಟಿಯಲ್ಲಿಲ್ಲ.

ಆದುದರಿಂದ ಮಳೆಗಾಲದಲ್ಲಿ ಸೋರುವ ಹಿಂಬದಿಯ ಕೋಣೆಯನ್ನು ನಾವೇ ತೋರಿಸಿದೆವು. ಮನೆ ಬ್ಯಾಂಕಿನಲ್ಲಿ ಅಡವಿದ್ದರೆ ಆ ಸಾಲ ಖಾಸಗಿ ವಿಷಯವಲ್ಲ. ಹೆಣ್ಣುಮಕ್ಕಳ ಪಾಲನ್ನಂತೂ 'ಮನೆಯೊಳಗಿನ ಮಾತು' ಎಂದು ಬಚ್ಚಿಡುವಂತಿಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಯು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ಒಳಗೊಂಡಿದೆ. 2005ರ ತಿದ್ದುಪಡಿಯಂತೆ ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ನಮ್ಮ ತಂಗಿಯಂದಿರು ಕ್ರಯಪತ್ರಕ್ಕೆ ಸಹಿ ಮಾಡಿದ ಮೇಲೆಯೇ ನಮ್ಮ ಮನಸ್ಸು ಹಗುರವಾಯಿತು.

ಉಳಿದುದನ್ನು ಕಾಪಾಡಿಕೊಳ್ಳಲು ದೊಡ್ಡ ಉಪಾಯವೇನೂ ಬೇಕಿಲ್ಲ. ನೋಡುವವರು ಬರುವ ಮುನ್ನ ದೇವರ ಜಗಲಿಯ ಮೇಲಿನ ಬೆಳ್ಳಿಯ ಕರಡಿಗೆ, ಗೋಡೆಯ ಭಾವಚಿತ್ರ, ಔಷಧದ ಚೀಟಿ, ಪಾಸುಪುಸ್ತಕಗಳನ್ನು ಒಳಗಿಡಬೇಕು. ದಲ್ಲಾಳಿಯೊಡನೆ ಮನೆಯವರೊಬ್ಬರೇ ಮಾತನಾಡುವುದು ಲೇಸು. ಆಧಾರ್ ಪ್ರತಿಯನ್ನು ಕೊಡುವಾಗ ಯಾವ ಉದ್ದೇಶಕ್ಕೆಂದು ಅದರ ಮೇಲೆಯೇ ಬರೆದು ಸಹಿ ಮಾಡಬೇಕು. ಕೋಣೆಕೋಣೆಯನ್ನೂ ಮೊಬೈಲಿನಲ್ಲಿ ಸೆರೆಹಿಡಿಯಲು ಹೊರಟವರನ್ನು ವಿನಯದಿಂದಲೇ ತಡೆಯಬಹುದು.

ಮನೆಯ ವಿಷಯದಲ್ಲಿ ಬಚ್ಚಿಟ್ಟರೆ ಕೊಳ್ಳುವವರಿಗೆ ದ್ರೋಹ. ಮನೆಯವರ ವಿಷಯದಲ್ಲಿ ಬಿಚ್ಚಿಟ್ಟರೆ ನಮ್ಮವರಿಗೆ ದ್ರೋಹ. ಇವೆರಡನ್ನೂ ಬೇರ್ಪಡಿಸಿ ನಡೆಯುವ ವಿವೇಕವನ್ನು ಗುರುಬಸವಣ್ಣನು ಎಲ್ಲರಿಗೂ ಕರುಣಿಸಲಿ.