ಮೊದಲು ಬ್ರೇಕು, ಆಮೇಲೆ ಪವರು



ಹೋದ ವಾರ ನನ್ನ ಪೋಲೋಗೆ ಹೊಸ ಟೈರು ಹಾಕಿಸಿದ ಫೋಟೋ ಹಾಕಿದ್ದೆ. ಅವತ್ತಿಂದ ಎರಡು ಪ್ರಶ್ನೆ ಬರ್ತಾನೇ ಇವೆ. ಹಿರಿಯ ಸಂಗಾತಿಗಳು ಕೇಳ್ತಿರೋದು, "ಹೋರಾಟಗಾರನಿಗೆ ಯಾಕಪ್ಪಾ ಈ ಶೋಕಿ?" ಹುಡುಗರು ಕೇಳ್ತಿರೋದು, "ಅಣ್ಣ, ರೀಮ್ಯಾಪ್ ಯಾವಾಗ ಮಾಡಿಸ್ತೀರಾ?" ಇಬ್ಬರಿಗೂ ಸೇರಿಸಿ ಒಂದೇ ಸಲ ಉತ್ತರ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೊದಲು ಶೋಕಿ ವಿಚಾರ. ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ಒಂದು ಸಂಗತಿ ನೆನಪಿರಬೇಕು. ಅದರಲ್ಲಿ ಅವರು ಅನುಭವಿಸಿದ ಎರಡು ದೊಡ್ಡ ಅವಮಾನಗಳು ಗಾಡಿಯ ಮೇಲೇ ನಡೆದಿವೆ. 1901ರಲ್ಲಿ, ಅಪ್ಪನನ್ನು ನೋಡೋಕೆ ಹೊರಟ ಬಾಲಕ ಭೀಮರಾವ್ ಮಸೂರು ಸ್ಟೇಷನ್ನಿನಲ್ಲಿ ಇಳಿದಾಗ, ಮಹಾರ್ ಮಕ್ಕಳು ಅಂತ ಗೊತ್ತಾಗಿ ಯಾವ ಎತ್ತಿನಗಾಡಿಯವನೂ ಕೂರಿಸಿಕೊಳ್ಳೋಕೆ ಒಪ್ಪಲಿಲ್ಲ. ಕೊನೆಗೆ ಒಬ್ಬ ಒಪ್ಪಿದ್ದು ಎರಡು ಪಟ್ಟು ಬಾಡಿಗೆಗೆ. ಅದೂ ಮಕ್ಕಳೇ ಗಾಡಿ ಹೊಡೀಬೇಕು, ತಾನು ಪಕ್ಕದಲ್ಲಿ ನಡ್ಕೊಂಡು ಬರ್ತೀನಿ ಅನ್ನೋ ಷರತ್ತಿನ ಮೇಲೆ.

ಎರಡನೆಯದು 1929ರದು. ಅಷ್ಟೊತ್ತಿಗೆ ಅವರು ವಿದೇಶದಲ್ಲಿ ಓದಿ ಬಂದ ಬ್ಯಾರಿಸ್ಟರ್, ಅಸ್ಪೃಶ್ಯರ ಕುಂದುಕೊರತೆ ವಿಚಾರಿಸೋಕೆ ಬಾಂಬೆ ಸರ್ಕಾರ ಮಾಡಿದ ಸಮಿತಿಯ ಸದಸ್ಯ. ಚಾಳೀಸ್‌ಗಾಂವ್ ಸ್ಟೇಷನ್ನಿಂದ ಕೇರಿಗೆ ಕರ್ಕೊಂಡು ಹೋಗೋಕೆ ಒಬ್ಬ ಟಾಂಗಾವಾಲಾನೂ ಸಿದ್ಧ ಇರಲಿಲ್ಲ. ಟಾಂಗಾ ಬಾಡಿಗೆಗೆ ಕೊಡ್ತೀವಿ, ಆದ್ರೆ ನಾವು ಓಡಿಸಲ್ಲ ಅಂದರು. ಇಷ್ಟು ದೊಡ್ಡವರನ್ನ ನಡೆಸಿಕೊಂಡು ಹೋಗೋದಾ ಅಂತ ಕೇರಿಯವರು ತಮ್ಮಲ್ಲೇ ಒಬ್ಬನಿಗೆ ಲಗಾಮು ಕೊಟ್ಟರು. ಅವನಿಗೆ ಟಾಂಗಾ ಓಡಿಸಿ ಅಭ್ಯಾಸ ಇಲ್ಲ. ಮೋರಿ ಮೇಲೆ ಚಕ್ರ ಕಲ್ಲುಗಳ ನಡುವೆ ಸಿಕ್ಕಿಹಾಕ್ಕೊಂಡಿತು. ಕುದುರೆ, ಗಾಡಿ ಎರಡೂ ಹೊಳೆಗೆ ಬಿದ್ದವು. ಬಾಬಾಸಾಹೇಬರು ಕಲ್ಲಿನ ಮೇಲೆ ಎಸೆಯಲ್ಪಟ್ಟು ಕಾಲು ಮುರೀತು.

ಹಾಗಾಗಿ ಗಾಡಿ ಅನ್ನೋದು ನಮಗೆ ಯಾವತ್ತೂ ಬರೀ ಗಾಡಿ ಅಲ್ಲ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಮಾಡಿದಾಗ, ಸಾರ್ವಜನಿಕ ಜಾಗದಲ್ಲಿ ನಮ್ಮವರು ಸೈಕಲ್, ಮೋಟಾರ್‌ಸೈಕಲ್ ಹತ್ತೋದನ್ನ ತಡೆದರೆ ಅಪರಾಧ ಅಂತ ಕಲಂ 3(1)(ಜಡ್‌ಎ)ನಲ್ಲಿ ಬಿಡಿಸಿ ಬರೆಯಬೇಕಾಯಿತು. ಚಪ್ಪಲಿ ಹಾಕೋದು, ಹೊಸ ಬಟ್ಟೆ ಉಡೋದು, ಮದುವೆ ಮೆರವಣಿಗೆಯಲ್ಲಿ ಕುದುರೆ ಏರೋದೂ ಅದೇ ಸಾಲಲ್ಲಿದೆ. ಸೈಕಲ್ ಹತ್ತೋಕೆ ಪಾರ್ಲಿಮೆಂಟಿನ ರಕ್ಷಣೆ ಬೇಕಾದ ಜನ ನಾವು. ನಮ್ಮ ಹುಡುಗ ಒಳ್ಳೆ ಕಾರು ಇಟ್ಕೊಂಡು, ಅದನ್ನ ಚೆನ್ನಾಗಿ ಓಡಿಸಿ ಖುಷಿಪಟ್ಟರೆ ನನಗೆ ಅದು ಶೋಕಿ ಅಂತ ಕಾಣಲ್ಲ. ನಮಗೆ ಅನ್ನ, ಅಕ್ಷರ, ಭೂಮಿ ಬೇಕು. ಸಂತೋಷಾನೂ ಬೇಕು.

ನನ್ನದು ಸೆಕೆಂಡ್ ಹ್ಯಾಂಡ್ ಪೋಲೋ ಜಿಟಿ ಟಿಎಸ್‌ಐ. ಗುಮಾಸ್ತನ ಸಂಬಳದಲ್ಲಿ ಸೊಸೈಟಿ ಸಾಲ ಮಾಡಿ ತಗೊಂಡಿದ್ದು. 1.2 ಲೀಟರಿನ ಚಿಕ್ಕ ಇಂಜಿನ್, ಆದರೆ ಟರ್ಬೋ ಇದೆ. 105 ಅಶ್ವಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್, ಏಳು ಗೇರಿನ ಆಟೋಮ್ಯಾಟಿಕ್. ನೋಡೋಕೆ ಸಾದಾ ಹ್ಯಾಚ್‌ಬ್ಯಾಕ್, ಒತ್ತಿದರೆ ಮಾತ್ರ ಗೊತ್ತಾಗುತ್ತೆ. ಇದಕ್ಕೆ ಬಿಡಿಭಾಗ ತರೋಕೆ ಹೋದಾಗ ಅಂಗಡಿಯವನು ಕೇಳಿದ, "ಓನರ್ ಯಾರು? ಅವರ ಜೊತೆ ಮಾತಾಡ್ಬೇಕಿತ್ತಲ್ಲ." ನಾನು ಆರ್‌ಸಿ ತೆಗೆದು ಟೇಬಲ್ ಮೇಲೆ ಇಟ್ಟೆ. ಆಮೇಲೆ ಅವನು ಮಾತಾಡಿದ್ದು ಬರೀ ರೇಟು.

ಈಗ ಹುಡುಗರ ಪ್ರಶ್ನೆಗೆ ಬರ್ತೀನಿ. ಕೇಳ್ತಿರೋರಲ್ಲಿ ಮೊದಲನೆಯವನು ನನ್ನ ಅಕ್ಕನ ಮಗನೇ. ಗ್ಯಾರೇಜಲ್ಲಿ ಕೆಲಸ ಮಾಡ್ತಾನೆ, ಕೈ ಒಳ್ಳೇದು. ಕಾರು ಮನೆಗೆ ಬಂದ ದಿನದಿಂದ ಅವನದು ಒಂದೇ ಜಪ. "ಮಾವ, ರೀಮ್ಯಾಪ್ ಮಾಡಿಸಿಬಿಡಿ. ಲ್ಯಾಪ್‌ಟಾಪ್ ಹಚ್ಚಿ ಸಾಫ್ಟ್‌ವೇರ್ ಬದಲಾಯಿಸಿದ್ರೆ 105 ಇರೋದು 130, 140 ಆಗುತ್ತೆ."

ಹೊಸ ಟೈರು ಹಾಕಿಸೋಕೆ ಸ್ವಲ್ಪ ದಿನ ಮುಂಚೆ ಒಂದು ಸಂಜೆ ಮಧುಗಿರಿ ಕಡೆಯಿಂದ ತುಮಕೂರಿಗೆ ವಾಪಸ್ ಬರ್ತಿದ್ವಿ. ಅವನು ಓಡಿಸ್ತಿದ್ದ, ನಾನು ಪಕ್ಕದಲ್ಲಿ. ಹಿಂದಿನಿಂದ ದೊಡ್ಡ ಗಾಡಿಯೊಂದು ಲೈಟು ಹೊಡೀತಾ ಬಂತು. ಪಕ್ಕಕ್ಕೆ ಬಂದವರು ಹಿಂದಿನ ಗಾಜಿನ ಮೇಲಿನ ಜೈ ಭೀಮ್ ಸ್ಟಿಕ್ಕರ್ ನೋಡಿರಬೇಕು. ಕಿಟಕಿ ಇಳಿಸಿ ಜಾತಿ ಹಿಡಿದು ಒಂದು ಮಾತು ಅಂದು, ಅಡ್ಡ ಎಳೆದು ಮುಂದೆ ಹೋದರು. ಹುಡುಗನ ಕಾಲು ಆಕ್ಸಿಲರೇಟರ್ ಮೇಲೆ ಕೂತ್ಬಿಡ್ತು. ಟರ್ಬೋ ಎಳೀತು. ನಾನು ಅವನ ತೋಳು ಹಿಡಿದೆ.

"ಬಿಡು ಮಗಾ."

"ಯಾಕ್ ಬಿಡ್ಬೇಕು ಮಾವ? ಅವರಪ್ಪನ ರೋಡಾ?"

"ಅವರಪ್ಪಂದಲ್ಲ. ಅದಕ್ಕೇ ಬಿಡು."

ಅವನು ಕಾಲು ತೆಗೆದ. ನಂಬರ್ ಬರ್ಕೊಂಡೆ. ಮುಂದೆ ಒಂದು ಟೀ ಅಂಗಡಿ ಹತ್ರ ನಿಲ್ಲಿಸಿ, ಮೊಬೈಲ್ ಬೆಳಕಲ್ಲಿ ಅವನಿಗೆ ಟೈರಿನ ಪಕ್ಕೆ ತೋರಿಸಿದೆ. ಅಲ್ಲಿ ನಾಲ್ಕು ಅಂಕಿ ಇರುತ್ತೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2317 ಅಂತಿದ್ರೆ 2017ರ 23ನೇ ವಾರದಲ್ಲಿ ತಯಾರಾದ ಟೈರು. ನನ್ನ ಕಾರಲ್ಲಿ ಹಳೇ ಮಾಲೀಕ ಬಿಟ್ಟುಹೋದ ಟೈರುಗಳಿಗೆ ಆರು ವರ್ಷ ದಾಟಿತ್ತು. ಪಟ್ಟೆ ಕಾಣ್ತಿತ್ತು, ಆದರೆ ರಬ್ಬರ್ ಕಲ್ಲಾಗಿತ್ತು. "ಇದರ ಮೇಲೆ ಅವರನ್ನ ಅಟ್ಟಿಸ್ಕೊಂಡು ಹೋಗ್ತಿದ್ದೆ ನೀನು," ಅಂದೆ. ಆಮೇಲೆ ಚಾಳೀಸ್‌ಗಾಂವ್ ಕಥೆ ಹೇಳಿದೆ. ಕೇರಿಯವರ ಪ್ರೀತಿಯಲ್ಲಿ ಕಿಂಚಿತ್ತೂ ಕೊರತೆ ಇರಲಿಲ್ಲ. ಅವರ ಮಾನ ಉಳಿಸೋಕೆ ಹೋಗಿ ಅವರ ಪ್ರಾಣಕ್ಕೇ ತಂದ್ಬಿಟ್ಟಿದ್ರು. ಬಾಬಾಸಾಹೇಬರೂ ಅದನ್ನ ಮುಚ್ಚಿಡದೆ ಬರೆದಿದ್ದಾರೆ.

ಹಾಗಾಗಿ ನಮ್ಮನೇಲಿ ಕಾರಿನ ಕೆಲಸಕ್ಕೆ ಒಂದು ಕ್ರಮ ಮಾಡ್ಕೊಂಡ್ವಿ. ವೇಗವಾಗಿ ಹೋಗಬೇಕು ಅನ್ನೋ ಹುಡುಗರು ಇದನ್ನ ಬರೆದಿಟ್ಕೊಳ್ಳಿ.

ಒಂದು, ಟೈರು. ಇಡೀ ಕಾರು ರಸ್ತೆಗೆ ತಾಗಿರೋದು ನಾಲ್ಕು ಅಂಗೈಯಷ್ಟು ಜಾಗದಲ್ಲಿ. ಇಂಜಿನ್ ಏನು ಮಾಡಿದ್ರೂ, ಬ್ರೇಕ್ ಏನು ಮಾಡಿದ್ರೂ ಆ ಜಾಗದ ಮೂಲಕಾನೇ ಆಗಬೇಕು. ನನ್ನ ಕಾರಿನ ಮೂಲ ಅಳತೆ 185/60 ಆರ್15. ಅಗಲ ಟೈರು ಬೇಕು ಅಂತ ಸಿಕ್ಕಿದ್ದು ಹಾಕಬೇಡಿ. ಅಳತೆ ಬದಲಾದರೆ ಚಕ್ರದ ಒಟ್ಟು ಎತ್ತರ ಬದಲಾಗುತ್ತೆ, ಸ್ಪೀಡೋಮೀಟರ್ ಸುಳ್ಳು ಹೇಳುತ್ತೆ. ಕಂಪನಿಯವರು ಒಪ್ಪಿರೋ ಅಳತೆಯಲ್ಲೇ ಒಳ್ಳೆ ರಬ್ಬರ್ ತಗೊಳ್ಳಿ.

ಎರಡು, ಬ್ರೇಕು. ಇದರ ಲೆಕ್ಕ ಸರಿಯಾಗಿ ಕೇಳಿ. ವೇಗ 60ರಿಂದ 90ಕ್ಕೆ ಏರಿದರೆ ಒಂದೂವರೆ ಪಟ್ಟು. ಆದರೆ ನಿಲ್ಲಿಸೋಕೆ ಬ್ರೇಕು ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟು. 60ರಿಂದ 120ಕ್ಕೆ ಹೋದರೆ ನಾಲ್ಕು ಪಟ್ಟು. ಆ ಶಕ್ತಿಯೆಲ್ಲ ಶಾಖ ಆಗುತ್ತೆ. ಘಾಟಿ ಇಳೀವಾಗ ಪ್ಯಾಡು ಕಾದು ಹಿಡಿತ ಬಿಡೋದು, ಪೆಡಲ್ ಮೆತ್ತಗಾಗೋದು ಇದರಿಂದಾನೇ. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಹೀರ್ಕೊಳ್ಳುತ್ತೆ. ಹಳೇದಾದಷ್ಟೂ ಬೇಗ ಕುದಿಯುತ್ತೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಒಳ್ಳೆ ಪ್ಯಾಡು, ಹೊಸ ಡಾಟ್ 4 ಆಯಿಲ್, ಇಷ್ಟಕ್ಕೇ ಕಾರು ಬೇರೆ ಥರ ನಿಲ್ಲುತ್ತೆ. ಸೈಲೆನ್ಸರಿಗೆ ಕೊಡೋ ದುಡ್ಡಿಗಿಂತ ಕಮ್ಮಿ.

ಮೂರು, ಶಾಕ್ ಅಬ್ಸಾರ್ಬರ್ ಮತ್ತು ಬುಷ್‌ಗಳು. ಸ್ಪ್ರಿಂಗ್ ಕತ್ತರಿಸಿ ಕಾರು ಕೆಳಗಿಳಿಸೋ ಚಾಳಿ ಇದೆ. ದಯವಿಟ್ಟು ಬೇಡ. ನಮ್ಮೂರ ಹಂಪು, ಗುಂಡಿಗಳಲ್ಲಿ ಚಕ್ರಕ್ಕೆ ಮೇಲೆ ಕೆಳಗೆ ಆಡೋಕೆ ಜಾಗ ಬೇಕು. ಆ ಜಾಗ ಮುಗಿದರೆ ತಿರುವಿನ ಮಧ್ಯೆ ಕಾರು ಕುಪ್ಪಳಿಸುತ್ತೆ, ಟೈರು ನೆಲ ಬಿಡುತ್ತೆ. ಸೋರಿದ ಶಾಕ್ ತೆಗೆದು ಹೊಸದು ಹಾಕ್ಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ. ವೇಗದ ಸುಖ ಇರೋದು ನೇರ ರಸ್ತೇಲಿ ಅಲ್ಲ, ತಿರುವಲ್ಲಿ ಕಾರು ಮಾತು ಕೇಳೋದರಲ್ಲಿ.

ನಾಲ್ಕನೆಯದು ಪವರು. ನಾನು ಅದನ್ನ ಮಾಡಿಸಿಲ್ಲ, ಮಾಡಿಸೋದೂ ಇಲ್ಲ. ಟರ್ಬೋ ಒತ್ತಡ ಏರಿಸಿದರೆ ಸಾದಾ ಪೆಟ್ರೋಲಲ್ಲಿ ಇಂಜಿನ್ ನಾಕ್ ಆಗೋ ಅಪಾಯ ಜಾಸ್ತಿ, 95 ಆಕ್ಟೇನ್ ಬೇಕಾಗುತ್ತೆ. ಈ ಗೇರ್‌ಬಾಕ್ಸಿನ ಒಣ ಕ್ಲಚ್ಚಿಗೆ ಟಾರ್ಕಿನ ಮಿತಿ 250 ನ್ಯೂಟನ್ ಮೀಟರ್. ರೀಮ್ಯಾಪ್ ಆದ್ಮೇಲೆ ಆ ಮಿತಿಗೆ ತೀರಾ ಹತ್ತಿರ ಓಡಿಸ್ತಿರ್ತೀವಿ. ಅದು ಸುಟ್ಟರೆ ನನ್ನಂಥವನ ತಿಂಗಳುಗಟ್ಟಲೆ ಸಂಬಳ ಹೋಗುತ್ತೆ.

ಇನ್ನೊಂದು ಕಾರಣ ಕಾನೂನು. ಮೋಟಾರು ವಾಹನ ಕಾಯ್ದೆಯ ಕಲಂ 52ರ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿ ವಿವರಕ್ಕೂ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಕಲಂ 182ಎ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹೇಳದೆ ಮಾಡಿಸಿದ್ದು ಗೊತ್ತಾದರೆ ಇನ್ಶೂರೆನ್ಸ್ ಕಂಪನಿಗೆ ಕ್ಲೈಮ್ ತಳ್ಳಿಹಾಕೋಕೆ ದಾರಿ ಸಿಗುತ್ತೆ. ಚೆಕ್‌ಪೋಸ್ಟಲ್ಲಿ ಹತ್ತು ಗಾಡಿ ಬಿಟ್ಟು ನೀಲಿ ಸ್ಟಿಕ್ಕರಿನ ಗಾಡಿ ನಿಲ್ಲಿಸೋದನ್ನ ನಾವು ನೋಡಿದ್ದೀವಿ. ಅವರಿಗೆ ಬೇಕಾದ ಸೆಕ್ಷನ್ನನ್ನ ನಾವೇ ಬಾನೆಟ್ ಕೆಳಗೆ ಇಟ್ಕೊಂಡು ಓಡಾಡಬೇಕಾ?

ಎಲ್ಲಕ್ಕಿಂತ ಮುಖ್ಯ ಮಾತು ಇದು. ನಮ್ಮ ಕೇರಿಗಳು ಎಲ್ಲಿವೆ? ಎಷ್ಟೋ ಕಡೆ ಊರಾಚೆ, ರಸ್ತೆ ಅಂಚಲ್ಲಿ, ಬೀದಿದೀಪ ಇಲ್ಲದ ಕಡೆ. ಮುಂಜಾನೆ ಕತ್ತಲಲ್ಲಿ ರಸ್ತೆ ಬದಿ ನಡೆಯೋರು ಕೂಲಿಗೆ ಹೋಗೋ ಹೆಂಗಸರು, ಪೌರಕಾರ್ಮಿಕರು, ಹಾಸ್ಟೆಲಿಗೆ ಹೊರಟ ಮಕ್ಕಳು. 90ರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 25 ಮೀಟರ್ ಹೋಗುತ್ತೆ. ಕಣ್ಣು ನೋಡಿ ಕಾಲು ಬ್ರೇಕ್ ಮೇಲೆ ಬರೋಕೇ ಆ ಒಂದು ಸೆಕೆಂಡ್ ಬೇಕು. ಅವಮಾನ ಮಾಡಿದವನು ಏರ್‌ಬ್ಯಾಗ್ ಒಳಗೆ ಕೂತಿರ್ತಾನೆ. ಅವನನ್ನ ಅಟ್ಟಿಸ್ಕೊಂಡು ಹೋದರೆ ಚಕ್ರದ ಕೆಳಗೆ ಬರೋದು ನಮ್ಮ ಅಕ್ಕಂದಿರೇ. ಊರು, ಕೇರಿ ಇರೋ ಕಡೆ ಮಿತಿ ಅಂದ್ರೆ ಮಿತಿ. ಪೂರ್ತಿ ಒತ್ತಲೇಬೇಕು ಅನ್ನೋ ಹುಚ್ಚಿದ್ರೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ ಇದೆ, ಚೆನ್ನೈ ಹತ್ರ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಇದೆ. ದುಡ್ಡು ಕೂಡಿಸಿ ಹೋಗೋಣ, ನಾನೂ ಬರ್ತೀನಿ. ಆ ಜಾಗಗಳಲ್ಲೂ ನಮ್ಮ ಹುಡುಗರು ಕಾಣಬೇಕು.

ಆ ಗಾಡಿ ನಂಬರಿನ ಮೇಲೆ ದೂರು ಕೊಟ್ಟಿದ್ದೀವಿ. ಸ್ವೀಕೃತಿ ಪ್ರತಿ ಇಸ್ಕೊಂಡೇ ಸ್ಟೇಷನ್ನಿಂದ ಎದ್ದು ಬಂದ್ವಿ. ಎಲ್ಲಿಗೆ ಮುಟ್ಟುತ್ತೋ ನೋಡೋಣ. ಬಾಬಾಸಾಹೇಬರು ನಮಗೆ ಕೊಟ್ಟಿರೋ ಪವರು ಅದು, ಅದನ್ನ ಪೂರ್ತಿ ಒತ್ತೋಣ.

ಕೊನೆಗೆ ಒಂದು ಕೆಲಸದ ಮಾತು. ಏಪ್ರಿಲ್ 14ರ ಮೆರವಣಿಗೆಗೆ ಮುಂಚಿನ ಭಾನುವಾರ, ನಮ್ಮ ಭವನದ ಮುಂದೆ ಗಾಡಿಗಳ ತಪಾಸಣೆ ಇಟ್ಕೊಳ್ಳೋಣ. ಬೈಕು, ಆಟೋ, ಕಾರು ಯಾವುದಾದ್ರೂ ತನ್ನಿ. ಟೈರಿನ ವಯಸ್ಸು, ಬ್ರೇಕ್ ಪ್ಯಾಡು, ಆಯಿಲ್ಲು, ಲೈಟು ನೋಡಿಕೊಡ್ತಾನೆ ಅಕ್ಕನ ಮಗ. ಕೂಲಿ ಬೇಡ ಅಂದಿದ್ದಾನೆ, ಸಾಮಾನಿನ ದುಡ್ಡು ಮಾತ್ರ ನಿಮ್ಮದು. ಹೆಲ್ಮೆಟ್ ಇಲ್ಲದೆ ಬಂದೋರಿಗೆ ಟೀ ಇಲ್ಲ.

ಜೈ ಭೀಮ್.