ಪಾರ್ಸ್‌ನಿಪ್‌ಗೆ ಮೂವತ್ತೈದು, ಟೊಮೆಟೊಗೆ ಎಷ್ಟು?

ಮೂವತ್ತೈದು ದಾಟಿದ ಗಂಡಸು ರಾತ್ರಿ ಹನ್ನೊಂದು ಗಂಟೆಗೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾನೆ ಅಂದರೆ ಆಫೀಸಿನಲ್ಲಿ ಏನೋ ಕೈಕೊಟ್ಟಿದೆ, ಇಲ್ಲಾ ಶೇರು ಬಿದ್ದಿದೆ ಅಂತ ಜನ ಕನಿಕರ ಪಡ್ತಾರೆ. ಗೇಮ್ ಆಡ್ತಿದ್ದಾನೆ ಅಂತ ಗೊತ್ತಾದರೆ ಮಾತ್ರ ನಗ್ತಾರೆ. ನಗಲಿ ಬಿಡಿ. ಹತ್ತು ಗಂಟೆ ಕೆಲಸ, ಎರಡು ಗಂಟೆ ಸಿಲ್ಕ್ ಬೋರ್ಡ್ ಸಿಗ್ನಲ್ಲು ಎಲ್ಲ ಮುಗಿದ ಮೇಲೆ ಉಳಿಯೋ ಒಂದು ಗಂಟೆಗೆ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ.

ಸದ್ಯಕ್ಕೆ ಮೂರು ಆಟ ನಡೀತಿವೆ. ಒಂದು ಬೇಸಾಯದ್ದು, ಒಂದು ಬಸ್ಸಿನದು, ಇನ್ನೊಂದು ಕಾಗದಪತ್ರದ್ದು. ಬಂದೂಕಿನ ಆಟಗಳನ್ನ ಬಿಟ್ಟು ವರ್ಷಗಳಾದವು. ಅಹಿಂಸೆ ಗಿಹಿಂಸೆ ಏನಿಲ್ಲ, ಇಪ್ಪತ್ತರ ಹುಡುಗರು ನಾನು ತಿರುಗಿ ನೋಡೋ ಅಷ್ಟರಲ್ಲಿ ಹೊಡೆದು ಹಾಕ್ತಾರೆ, ಅಷ್ಟೇ. ನನ್ನ ಈ ಪಟ್ಟಿ ಕೇಳಿದ ಹೆಂಡತಿ ಒಂದು ನಿಮಿಷ ಯೋಚನೆ ಮಾಡಿ, "ನೀವು ಊರು ಬಿಟ್ಟು ಬಂದಿದ್ದೇ ಇವನ್ನೆಲ್ಲ ತಪ್ಪಿಸ್ಕೊಳ್ಳೋಕೆ ಅಲ್ವೇನ್ರೀ?" ಅಂದಳು. ಅವಳ ಮಾತು ನಿಜವೇ. ಹಾಗಾದರೆ ತಪ್ಪಿಸಿಕೊಂಡು ಬಂದದ್ದನ್ನೇ ದುಡ್ಡು ಕೊಟ್ಟು ಕೊಂಡು ಯಾಕೆ ಆಡ್ತಿದ್ದೀನಿ ಅನ್ನೋದು ಪ್ರಶ್ನೆ.

ಮೊದಲು ಬೇಸಾಯ. ಆಟದ ಹೆಸರು ಸ್ಟಾರ್‌ಡ್ಯೂ ವ್ಯಾಲಿ. 2016ರಲ್ಲಿ ಬಂತು. ಎರಿಕ್ ಬರೋನ್ ಅನ್ನೋ ಒಬ್ಬನೇ ಮನುಷ್ಯ ಸುಮಾರು ನಾಲ್ಕೂವರೆ ವರ್ಷ ಕೂತು ಇದರ ಕೋಡು, ಚಿತ್ರ, ಸಂಗೀತ, ಕಥೆ ಎಲ್ಲ ಮಾಡಿದ. ಆ ದಿನಗಳಲ್ಲಿ ಸಿಯಾಟಲ್‌ನ ಒಂದು ಥಿಯೇಟರಿನಲ್ಲಿ ಜನರಿಗೆ ಸೀಟು ತೋರಿಸೋ ಅರೆಕಾಲಿಕ ಕೆಲಸವನ್ನೂ ಮಾಡ್ತಿದ್ದನಂತೆ. 2024ರ ಕೊನೆ ಹೊತ್ತಿಗೆ ಈ ಆಟದ ನಾಲ್ಕು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು.

ಕಥೆ ಸರಳ. ನೀವು ದೊಡ್ಡ ಕಂಪನಿಯೊಂದರ ಕ್ಯೂಬಿಕಲ್‌ನಲ್ಲಿ ಕೂತು ಬೇಸತ್ತಿದ್ದೀರಿ. ತಾತ ಸಾಯೋಕೆ ಮುಂಚೆ ಕೊಟ್ಟ ಕಾಗದ ಒಡೆದು ನೋಡಿದರೆ ಹಳ್ಳಿಯ ಜಮೀನು ನಿಮ್ಮ ಹೆಸರಿಗಿದೆ. ಕೆಲಸ ಬಿಟ್ಟು ಹೋಗ್ತೀರಿ. ಕೈಗೆ 500 ಕಾಸು, 15 ಪಾರ್ಸ್‌ನಿಪ್ ಬೀಜ. ಪಾರ್ಸ್‌ನಿಪ್ ಅಂದರೆ ಬಿಳೀ ಕ್ಯಾರೆಟ್ ಥರದ್ದೊಂದು ಗೆಡ್ಡೆ. ಒಂದೊಂದು ಋತುವಿಗೂ 28 ದಿನ. ಕಲ್ಲು ಒಡೆದು, ಕಳೆ ತೆಗೆದು, ಅಗೆದು, ಬಿತ್ತಿ, ನೀರು ಹಾಕೋದು. ಸಂಜೆ ಬೆಳೆಯನ್ನ ಮನೆ ಮುಂದಿನ ಪೆಟ್ಟಿಗೆಗೆ ಹಾಕಿ ಮಲಗಿದರೆ ಬೆಳಿಗ್ಗೆ ದುಡ್ಡು ಬಂದಿರುತ್ತೆ.

ಈ ಆಟವನ್ನ ಟೀಮಿನಲ್ಲಿ ನನಗೆ ಪರಿಚಯ ಮಾಡಿಸಿದ ಹುಡುಗಿ ಹುಟ್ಟಿ ಬೆಳೆದಿದ್ದು ಜಯನಗರದಲ್ಲಿ. "ಸಖತ್ ರಿಲ್ಯಾಕ್ಸಿಂಗ್ ಗುರೂ, ನಿನ್ನದೇ ಸ್ಟೋರಿ ಇದು" ಅಂದಳು. ನನ್ನ ಸ್ಟೋರಿ ಇದರ ತಿರುವುಮುರುವು. ನಾನು ಬಿಇ ಸೇರೋವಾಗ ಫೀಸಿಗೆ ಅಮ್ಮನ ಎರಡೆಳೆ ಸರ ಹೋಯಿತು. ಮಗ ಮಣ್ಣು ಮುಟ್ಟದೆ ಬದುಕಲಿ ಅಂತ ಹೋದ ಸರ ಅದು. ಬರೋನನ ತಾತ ಮೊಮ್ಮಗನಿಗೆ ಜಮೀನು ಬರೆದುಕೊಟ್ಟ. ನನಗೆ ನಮ್ಮಪ್ಪ ಕೊಟ್ಟ ಆಸ್ತಿ ಆ ಕ್ಯೂಬಿಕಲ್ಲೇ.

ಹೋದ ತಿಂಗಳು ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಕೋಲಾರದ ಕಡೆಯ ನಮ್ಮೂರಿಂದ ಬಂದು ಹತ್ತು ದಿನ ನಮ್ಮ ಫ್ಲ್ಯಾಟಿನಲ್ಲಿದ್ದ. ವಾರ ಕಳೆದ ಮೇಲೆ ಒಂದು ರಾತ್ರಿ ನಿದ್ದೆ ಬಾರದೆ ಎದ್ದು ಬಂದು ನನ್ನ ಪಕ್ಕ ಕೂತ.

"ಇದೇನೋ, ಹೊಲ ಇದ್ದಂಗಿದೆ?"

"ಹೊಲಾನೇ ಅಪ್ಪಾ."

"ನೀರು ಎಲ್ಲಿಂದ?"

ಕೊಳ ತೋರಿಸಿದೆ. ಬತ್ತಲ್ವಾ ಅಂದ. ಇಲ್ಲ ಅಂದೆ. ಯಾವತ್ತೂ? ಯಾವತ್ತೂ. ಅಪ್ಪ ಕರೀ ಕನ್ನಡಕ ಸರಿ ಮಾಡಿಕೊಂಡು ಇನ್ನೂ ಹತ್ತಿರ ಬಂದ. ನಮ್ಮ ತೋಟದಲ್ಲಿ ಮೂರು ಬೋರ್‌ವೆಲ್ ಕೊರೆಸಿದ್ದೀವಿ. ಎರಡು ಸತ್ತಿವೆ, ಒಂದು 1,200 ಅಡಿಯಿಂದ ಅಷ್ಟಿಷ್ಟು ಎತ್ತುತ್ತೆ. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಬಿಡ್ತಿದ್ದಾರೆ. ಅದಾದ ಮೇಲೆ ನನ್ನ ಸ್ನಾನ ಉದ್ದವಾದಾಗಲೆಲ್ಲ ಅಪ್ಪ, "ಬಿಡು ಬಿಡು, ನಮ್ಮ ಕೆರೆಗೇ ಬರ್ತದೆ" ಅಂತ ಫೋನಿನಲ್ಲಿ ತಮಾಷೆ ಮಾಡ್ತಾನೆ. ಅಂಥವನಿಗೆ ಬತ್ತದ ಕೊಳ ಅಂದರೆ ದೇವಲೋಕ.

"ಇದು ಎಷ್ಟಕ್ಕೆ ಹೋಗ್ತದೆ?" ಅಂದ, ಪಾರ್ಸ್‌ನಿಪ್ ತೋರಿಸಿ.

"ಬೀಜಕ್ಕೆ 20. ನಾಲ್ಕು ದಿನಕ್ಕೆ ಬೆಳೆ. ಮಾರಿದ್ರೆ 35."

"ಬಿತ್ತೋವಾಗ್ಲೇ ರೇಟು ಗೊತ್ತಾ?"

"ಗೊತ್ತು. ಚೆನ್ನಾಗಿ ಬಂದಿದ್ರೆ ಸ್ವಲ್ಪ ಜಾಸ್ತಿ, ಕಮ್ಮಿಯಂತೂ ಇಲ್ಲ."

"ನೀನು ಸಾವಿರ ಹಾಕಿದ್ರೂ?"

"ಸಾವಿರ ಹಾಕಿದ್ರೂ ಅಷ್ಟೇ."

"ಊರಿನೋರೆಲ್ಲಾ ಅದನ್ನೇ ಹಾಕಿದ್ರೆ?"

"ಅಲ್ಲಿ ಬೆಳೆ ಇಡೋನು ನಾನೊಬ್ನೇ ಅಪ್ಪಾ."

ಅಪ್ಪ ಹಿಂದಕ್ಕೆ ಒರಗಿಕೊಂಡ. "ಹಂಗಾದ್ರೆ ಇದು ಬೇಸಾಯ ಅಲ್ಲ ಬಿಡು. ಸಂಬಳ."

ಈ ಆಟದ ಬಗ್ಗೆ ಇಂಗ್ಲಿಷಿನಲ್ಲಿ ಉದ್ದುದ್ದ ವಿಮರ್ಶೆ ಓದಿದ್ದೀನಿ. ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ. ನಾಳೆ ಮಳೆ ಬರುತ್ತೆ ಅಂತ ಆಟದೊಳಗಿನ ಟಿವಿ ಹೇಳಿದರೆ ನಂಬಬಹುದು. ಬೆವರು ಸುರಿಸಿದರೆ ಫಲ ಖಂಡಿತ. ಆ ಖಂಡಿತ ಅನ್ನೋದಕ್ಕೇ ಅಲ್ಲವಾ ನಾವೆಲ್ಲ ಊರು ಬಿಟ್ಟು ಬಂದಿದ್ದು? ಹಸಿರು ಗದ್ದೆ, ಕೋಳಿ ಕೂಗು ಎಲ್ಲ ಹಾಗೇ ಇಟ್ಟು, ಅದರೊಳಗೆ ತಿಂಗಳ ಕೊನೆಯ ಸಂಬಳದ ನೆಮ್ಮದಿ ತುಂಬಿದ್ದಾನೆ ಬರೋನ್. ಜಯನಗರದ ಹುಡುಗಿಗೂ ನನಗೂ ಇದು ಒಟ್ಟಿಗೇ ಹಿಡಿಸೋದು ಅದಕ್ಕೇ ಇರಬೇಕು.

ನಾನು ಪ್ರೋಗ್ರಾಮರ್. 35 ಅನ್ನೋದು ಎಲ್ಲೋ ಒಂದು ಫೈಲಿನಲ್ಲಿ ಕೂತಿರೋ ಅಂಕಿ ಅಂತ ಗೊತ್ತು. ಒಬ್ಬ ಮನುಷ್ಯ ಕೂತು ಯೋಚನೆ ಮಾಡಿ, ಆಡೋನಿಗೆ ಅನ್ಯಾಯ ಆಗಬಾರದು ಅಂತ ಇಟ್ಟ ಅಂಕಿ. ಅಪ್ಪನ ಟೊಮೆಟೊ ರೇಟು ಯಾವ ಫೈಲಿನಲ್ಲಿದೆ? 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿಯ ಬಾಕ್ಸು 2,000 ರೂಪಾಯಿ ದಾಟಿತ್ತು. ಟಿವಿಯವರೆಲ್ಲ ಬಂದಿದ್ದರು. ಆಗ ನಮ್ಮ ತೋಟದಲ್ಲಿದ್ದದ್ದು ಬದನೆಕಾಯಿ. ಆ ರೇಟು ನೋಡಿ ಸುತ್ತಮುತ್ತ ಎಲ್ಲರೂ ನಾರು ತಂದರು, ಅಪ್ಪನೂ ತಂದ. ಕಡ್ಡಿ ನಿಲ್ಲಿಸಿ, ದಾರ ಕಟ್ಟಿ, ವಾರವಾರ ಔಷಧಿ ಹೊಡೆದು, ಕಾಯಿ ಕೆಂಪಾಗೋ ಹೊತ್ತಿಗೆ ರೇಟು ನೆಲಕ್ಕೆ ಬಿದ್ದಿತ್ತು. ಕೊಯ್ಯೋ ಕೂಲಿಯೂ ಗಿಟ್ಟಲಿಲ್ಲ ಅಂತ ಕೊನೆಯ ಎರಡು ಕೊಯ್ಲು ಗಿಡದಲ್ಲೇ ಬಿಟ್ಟ. ಕೆಲಸದಲ್ಲಿ ಎಲ್ಲೂ ಕೊರತೆ ಇರಲಿಲ್ಲ. ಆಟದಲ್ಲಾಗಿದ್ದರೆ ಅದು ಒಳ್ಳೇ ವರ್ಷ.

ಎರಡನೆಯದು ಬಸ್ಸಿನ ಆಟ. ನನ್ನ ಫೋನಿಗೆ ಇದನ್ನ ಹಾಕಿದ್ದು ಒಂಬತ್ತನೇ ಕ್ಲಾಸಿನಲ್ಲಿರೋ ನಮ್ಮಕ್ಕನ ಮಗ. ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಅಂತ, ಅಲ್ಲಿಯ ಮಾಲಿಯೋ ಕಂಪನಿಯವರು 2017ರಲ್ಲಿ ಬಿಟ್ಟದ್ದು. ಆ ದೇಶದ ಮಕ್ಕಳು ರಸ್ತೆ ಬದಿ ನಿಂತು ಬಸ್ ಡ್ರೈವರುಗಳಿಗೆ "ಓಂ, ತೆಲೋಲೆತ್ ಓಂ" ಅಂತ ಕೂಗ್ತಾರೆ. ಅಂದರೆ "ಮಾಮಾ, ಹಾರನ್ ಹೊಡಿ ಮಾಮಾ". ಆ ರಾಗದ ಹಾರನ್ನು ಆಟದಲ್ಲೂ ಇದೆ. ಬಸ್ಸಿಗೆ ನಮಗೆ ಬೇಕಾದ ಬಣ್ಣ ಬಳಿಯೋ ಅವಕಾಶ ಇರೋದರಿಂದ ನಮ್ಮ ಹುಡುಗರು ಇದನ್ನ ಸಂಪೂರ್ಣ ತಮ್ಮದು ಮಾಡಿಕೊಂಡಿದ್ದಾರೆ. ಕೆಎಸ್‌ಆರ್‌ಟಿಸಿ ಕೆಂಪು ಬಸ್ಸು, ಐರಾವತ, ಏನು ಬೇಕೋ ಅದರ ಬಣ್ಣ ನೆಟ್ಟಿನಲ್ಲಿ ಸಿಗುತ್ತೆ. ಅಲ್ಲಿಯೂ ನಮ್ಮ ಹಾಗೇ ಎಡಗಡೆ ಓಡಿಸೋದು, ಹಾಗಾಗಿ ಬಾಗಿಲು ಸರಿಯಾದ ಕಡೆಗೇ ತೆರೆಯುತ್ತೆ.

ಹುಡುಗನ ಬಸ್ಸಿನ ಹಣೆ ಮೇಲೆ 'ಕೋಲಾರ' ಅಂತ ಕನ್ನಡದಲ್ಲಿದೆ. ಓಡೋದು ಜಾವಾದ ರಸ್ತೆಯಲ್ಲಿ. ಸ್ಟಾಪಿನಲ್ಲಿ ನಿಧಾನವಾಗಿ ನಿಲ್ಲಿಸ್ತಾನೆ, ಇಂಡಿಕೇಟರ್ ಹಾಕದೆ ತಿರುಗಲ್ಲ. ನಾನು ಓಡಿಸಿದರೆ ಎರಡು ಸಲ ಡಿವೈಡರಿಗೆ ತಾಗುತ್ತೆ, ಅವನು ತಲೆ ತಲೆ ಚಚ್ಚಿಕೊಳ್ತಾನೆ. "ಡ್ರೈವರ್ ಆಗ್ತೀನಿ ಮಾಮ" ಅಂದರೆ ಅಕ್ಕ ಒಳಗಿಂದಲೇ, "ಮಾಮನ ಥರ ಇಂಜಿನಿಯರ್ ಆಗೋ" ಅಂತ ಗದರಿಸ್ತಾಳೆ. ಮಾಮ ದಿನವಿಡೀ ಏನು ಮಾಡ್ತಾನೆ ಅಂತ ಅವನಿಗೆ ತಿಳಿಸಿ ಹೇಳೋದು ನನಗೇ ಕಷ್ಟ. ಡ್ರೈವರ್ ಕೆಲಸ ಕಣ್ಣಿಗೆ ಕಾಣುತ್ತೆ: ಇಲ್ಲಿ ಹತ್ತಿಸಿಕೊಂಡ, ಅಲ್ಲಿ ಇಳಿಸಿದ. ಇವನೂ ಹುಡುಕ್ತಿರೋದು ಒಂದು ಖಂಡಿತವನ್ನೇ. ರಸ್ತೆ ಯಾರೋ ಹಾಕಿಟ್ಟದ್ದು, ಬದಲಾಯಿಸೋಕೆ ಆಗಲ್ಲ. ಬಸ್ಸಿಗೆ ಬಣ್ಣ ಬಳಿಯಬಹುದು, ಬಳಿದಿದ್ದಾನೆ.

ಮೂರನೆಯದು ಪೇಪರ್ಸ್, ಪ್ಲೀಸ್. ಲೂಕಸ್ ಪೋಪ್ ಅನ್ನೋರು ಮಾಡಿದ್ದು, 2013ರದ್ದು. ಹಳೇ ಆಟ, ನಾನು ಈಗ ಶುರು ಮಾಡಿದ್ದೀನಿ. 1982, ಅರ್ಸ್ಟೋಟ್ಸ್ಕಾ ಅನ್ನೋ ಕಲ್ಪನೆಯ ದೇಶ. ನೀವು ಗಡಿ ಠಾಣೆಯ ಗುಮಾಸ್ತ. ಜನ ಪಾಸ್‌ಪೋರ್ಟ್ ಕೊಡ್ತಾರೆ, ನೋಡಿ ಹಸಿರು ಇಲ್ಲಾ ಕೆಂಪು ಮುದ್ರೆ ಒತ್ತಬೇಕು. ಸರಿಯಾಗಿ ನೋಡಿದ ತಲೆಗೆ 5 ಕಾಸು. ತಪ್ಪಿದರೆ ದಿನಕ್ಕೆ ಎರಡು ಸಲ ಬರೀ ಎಚ್ಚರಿಕೆ, ಮೂರನೆಯದರಿಂದ ದಂಡ. ರಾತ್ರಿ ಆ ಕಾಸಿನಲ್ಲೇ ಬಾಡಿಗೆ, ಊಟ, ಮನೆ ಬೆಚ್ಚಗಿಡೋ ಖರ್ಚು, ಮಗುವಿನ ಔಷಧಿ. ಒಂದು ದಿನ ಗಂಡನ ಕಾಗದ ಎಲ್ಲ ಸರಿ ಇರುತ್ತೆ. ಒಳಗೆ ಬಿಡ್ತೀರಿ. ಹಿಂದಿನವಳು ನನ್ನ ಹೆಂಡತಿ, ದಯವಿಟ್ಟು ಬಿಡಿ ಅಂತ ಹೇಳಿ ಹೋಗ್ತಾನೆ. ಅವಳ ಹತ್ತಿರ ಪ್ರವೇಶ ಪತ್ರ ಇಲ್ಲ.

ಇಲ್ಲೂ ನಿಯಮ ಖಂಡಿತ. ಆದರೆ ಇದರಲ್ಲಿ ನಾನು ಕೌಂಟರಿನ ಆ ಕಡೆ ಇದ್ದೀನಿ. ಅಪ್ಪ ಈ ಕಡೆ ನಿಂತವನು. ಹನಿ ನೀರಾವರಿಯ ಸಬ್ಸಿಡಿ ಅರ್ಜಿ ಮೂರು ಸಲ ವಾಪಸ್ ಬಂತು. ಪಹಣಿಯಲ್ಲಿ ಹೆಸರಿನ ಕೊನೆಗೆ 'ಅಪ್ಪ' ಇದೆ, ಆಧಾರಿನಲ್ಲಿ ಇಲ್ಲ. ಪ್ರತಿ ಸಲ ಒಂದು ದಿನದ ಕೆಲಸ ಹಾಳು. ಅಲ್ಲಿ ಕೂತವರಿಗೂ ನನ್ನ ಗುಮಾಸ್ತನ ಹಾಗೇ ಮೇಲಿಂದ ನಿಯಮ ಬಂದಿರಬೇಕು.

ಇದು ನನ್ನನ್ನ ಕಾಡೋಕೆ ಕಾರಣ ಇದೆ. ನಮ್ಮ ಟೀಮು ಮಾಡೋದು ಸಾಲದ ಅರ್ಜಿಯ ದಾಖಲೆ ಹೋಲಿಸಿ ನೋಡೋ ಸಾಫ್ಟ್‌ವೇರು. ಎರಡು ದಾಖಲೆಯ ಹೆಸರಲ್ಲಿ ಇಷ್ಟಕ್ಕಿಂತ ಹೆಚ್ಚು ಅಕ್ಷರ ವ್ಯತ್ಯಾಸ ಇದ್ದರೆ ಕೆಂಪು ಮುದ್ರೆ. ನಮ್ಮ ಕಡೆ 'ಅಪ್ಪ', 'ಅಮ್ಮ', 'ಗೌಡ' ಎಲ್ಲ ಒಂದು ಕಾಗದದಲ್ಲಿ ಸೇರ್ತವೆ, ಇನ್ನೊಂದರಲ್ಲಿ ಬಿಟ್ಟುಹೋಗ್ತವೆ. ಅಂಥವನ್ನ ನೇರ ತಿರಸ್ಕರಿಸದೆ ಒಬ್ಬ ಮನುಷ್ಯನ ಕಣ್ಣಿಗೆ ಕಳಿಸೋಣ ಅಂತ ಹೋದ ವಾರದ ಮೀಟಿಂಗಿನಲ್ಲಿ ಹೇಳಿದೆ. "ಡೇಟಾ ತಗೊಂಡು ಬಾ" ಅಂದರು ಮ್ಯಾನೇಜರ್. ತೆಗೀತಾ ಇದ್ದೀನಿ. ಪಾರ್ಸ್‌ನಿಪ್‌ನ 35ರ ಹಾಗೆ ಇದೂ ಒಂದು ಫೈಲಿನ ಅಂಕಿ. ಇದನ್ನ ಬದಲಾಯಿಸೋ ಕೀಲಿ ನಮ್ಮ ಟೀಮಿನ ಕೈಯಲ್ಲೇ ಇದೆ.

ಊರಿಗೆ ಹೊರಡೋ ಹಿಂದಿನ ದಿನ ಅಪ್ಪ ಇನ್ನೊಂದು ವಿಷಯ ತೆಗೆದ. ಲೇಔಟ್ ಮಾಡೋರು ಪಕ್ಕದ ಜಮೀನು ಕೇಳಿ ಆಯ್ತಂತೆ, ನಮ್ಮದನ್ನೂ ಕೇಳ್ತಿದ್ದಾರೆ. "ನನ್ನ ಮಂಡಿ ಇನ್ನೆರಡು ವರ್ಷ ಬರಬೋದು. ಆಮೇಲೆ ನೀನೇನು ಬರಲ್ಲ, ಬಾ ಅಂತ ನಾನೂ ಹೇಳಲ್ಲ. ಆದ್ರೆ ಮಾರೋಕೆ ಮುಂಚೆ ಒಂದು ಲೆಕ್ಕ ನೋಡಬೇಕು. ನಿನ್ನ ಆಟದಲ್ಲಿ ಬರೀತದಲ್ಲ, ಬೀಜಕ್ಕಿಷ್ಟು, ಬಂದದ್ದಿಷ್ಟು ಅಂತ, ಹಂಗೆ ಹಾಕಿಕೊಡು."

ಎಕ್ಸೆಲ್‌ನಲ್ಲಿ ಹಾಕಿಕೊಟ್ಟೆ. ನಾರು, ಕಡ್ಡಿ, ದಾರ, ಗೊಬ್ಬರ, ಔಷಧಿ, ಕೂಲಿ, ಸಾಗಾಣಿಕೆ. ಅಪ್ಪನಿಗೆ ಎಲ್ಲ ಬಾಯಲ್ಲೇ ಇತ್ತು. ಬಾಕ್ಸಿನ ರೇಟಿನ ಕಾಲಮ್ಮಿಗೆ ಬಂದಾಗ ಇಬ್ಬರೂ ಸುಮ್ಮನಾದೆವು. ಕೊನೆಗೆ ಅಲ್ಲಿ ಅಂಕಿ ಹಾಕದೆ ಹಳದಿ ಬಣ್ಣ ಬಳಿದೆ. ಎಷ್ಟು ಬಂದರೆ ಅಸಲು ಹುಟ್ಟುತ್ತೆ ಅನ್ನೋದನ್ನ ಮಾತ್ರ ಕೆಳಗೆ ಬರೆದೆ. ಅದನ್ನ ನೋಡಿ ಅಪ್ಪ, ಈ ಸಲ ಅರ್ಧ ಜಮೀನಿಗೆ ರಾಗಿ, ಇನ್ನರ್ಧಕ್ಕೆ ಟೊಮೆಟೊ ಅಂದ. ರಾಗಿ ಮಾರದೆ ಹೋದರೆ ತಿನ್ನಬಹುದು. ಲೇಔಟಿನವರಿಗೆ ಸುಗ್ಗಿ ಆದ ಮೇಲೆ ಬನ್ನಿ ಅಂದಿದ್ದಾನೆ.

ಆಟದಲ್ಲಿ ನನ್ನದು ಎರಡನೇ ವರ್ಷದ ಚಳಿಗಾಲ. ಮೂರನೇ ವರ್ಷ ಶುರುವಾದ ದಿನ ತಾತ ದೆವ್ವವಾಗಿ ಬಂದು, ಮೊಮ್ಮಗ ಹೇಗೆ ಬಾಳಿದ ಅಂತ ನೋಡಿ ಒಂದರಿಂದ ನಾಲ್ಕು ಮೇಣದಬತ್ತಿ ಹಚ್ಚಿ ಹೋಗ್ತಾನೆ. ನನಗೆ ಮೂರು ಸಿಗಬಹುದು. ನಮ್ಮಪ್ಪ ಮಾರ್ಕ್ಸ್ ಕೊಡೋ ಪೈಕಿ ಅಲ್ಲ. ಭಾನುವಾರ ಫೋನ್ ಮಾಡಿದರೆ ಮೊದಲು ಕೇಳೋದು, "ನಿನ್ನ ಗೆಡ್ಡೆ ಇವತ್ತು ಎಷ್ಟೋ?"

"35 ಅಪ್ಪಾ. ನಿಂದು?"

ಅವನು ಆವತ್ತಿನ ಹರಾಜಿನ ರೇಟು ಹೇಳ್ತಾನೆ. ನಾನು ಹಳದಿ ಕಾಲಮ್ಮಿನಲ್ಲಿ ಬರೆದುಕೊಳ್ತೀನಿ.