ಟೈರಿನ ವಯಸ್ಸು

ಕಡಿಮೆ ಓಡುವ ಗಾಡಿಯ ಟೈರು ಬಹುಕಾಲ ಬಾಳುವುದೆಂಬುದು ನಮ್ಮ ಕಲಬುರಗಿಯ ಮಿತವ್ಯಯಿಗಳ ದೃಢವಾದ ನಂಬಿಕೆ. ಓಡದ ಟೈರು ಸವೆಯುವುದಿಲ್ಲವೆಂಬಷ್ಟರ ಮಟ್ಟಿಗೆ ಅದು ದಿಟವೇ.

ನನ್ನ ಹಳೆಯ ಕಾರು ತಿಂಗಳಿಗೆ ಎರಡಾವರ್ತಿ ಮಾತ್ರ ಕಮಲಾಪುರಕ್ಕೆ ಹೋಗಿಬರುತ್ತದೆ. ಹುಮನಾಬಾದಿನ ಹೆದ್ದಾರಿಯಲ್ಲಿ ಸುಮಾರು 35 ಕಿಲೋಮೀಟರಿನ ದಾರಿ. ಅಲ್ಲಿರುವ ನಮ್ಮ ಸೋದರತ್ತೆಯವರನ್ನು ನಗರದ ಕಣ್ಣಿನ ವೈದ್ಯರಲ್ಲಿಗೆ ಕರೆತಂದು ಮರಳಿ ಬಿಟ್ಟುಬರುವುದಷ್ಟೇ ಅದರ ಉದ್ಯೋಗ. ಆ ಊರಿನ ಕೆಂಪು ಬಾಳೆಯ ಗೊನೆಯೊಂದು ಹಿಂದಿನ ಆಸನವನ್ನೇರಿ ಬರುವುದೂ ಉಂಟು. ಕಳೆದ ಬೇಸಗೆಯಲ್ಲಿ ಮುಂದಿನ ಎಡಗಾಲಿಯ ಪಕ್ಕೆಯ ಮೇಲೆ ಕೂದಲೆಳೆಯಂತಹ ಬಿರುಕುಗಳು ಕಣ್ಣಿಗೆ ಬಿದ್ದುವು.

ಪಂಕ್ಚರ್ ಅಂಗಡಿಯವನು ಗೀರುಗಳಲ್ಲಿ ಹೆಬ್ಬೆರಳಿಟ್ಟು ನೋಡಿ, “ಏನೂ ಆಗಂಗಿಲ್ಲ ತಗೋರಿ ಸರ್, ಇನ್ನಾ ಎರಡು ವರ್ಷ ಓಡ್ತಾವ” ಎಂದನು. ಗೀರುಗಳ ಮಟ್ಟಿಗೆ ಆತನ ಮಾತು ಸರಿಯೇ. 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳು ಕಾರಿನ ಟೈರಿಗೆ ವಿಧಿಸಿರುವ ಆಳ 1.6 ಮಿಲಿಮೀಟರು, ಗೀರಿನ ತಳದಲ್ಲಿರುವ ಅಡ್ಡದಿಣ್ಣೆಗಳು ಮೇಲ್ಮಟ್ಟಕ್ಕೆ ಸಮನಾದರೆ ಟೈರಿನ ಆಯುಷ್ಯ ತೀರಿತೆಂದರ್ಥ. ಮಳೆಯ ನೀರನ್ನು ಹೊರಹಾಕುವವು ಆ ಗೀರುಗಳೇ. ನಮ್ಮದರಲ್ಲಿ ಅವು ಬೇಕಾದಷ್ಟು ಆಳವಾಗಿದ್ದುವು.

ಆದರೆ ಪಕ್ಕೆಯ ಮೇಲೆ ನಾಲ್ಕು ಅಂಕಿಗಳು ಅಚ್ಚಾಗಿರುತ್ತವೆ. ನಮ್ಮ ಟೈರಿನಲ್ಲಿದ್ದುದು 2615. ಎಂದರೆ 2015ನೆಯ ಇಸವಿಯ 26ನೆಯ ವಾರದಲ್ಲಿ ತಯಾರಾದುದು. ಹತ್ತು ವರ್ಷ ಕಳೆದಿದ್ದುವು. ರಬ್ಬರಿಗೆ ಗಾಳಿಯೂ ಬಿಸಿಲೂ ಶತ್ರುಗಳು. 40 ಡಿಗ್ರಿಯನ್ನು ಮೀರುವ ನಮ್ಮ ಬಿಸಿಲಿನ ವಿಷಯ ಹೇಳಬೇಕೆ? ಟೈರಿನಲ್ಲಿ ಬೆರೆಸಿರುವ ಮೇಣದಂತಹ ರಕ್ಷಕದ್ರವ್ಯವು ಟೈರು ಉರುಳಿ ಬಾಗಿದಾಗ ಮೈಮೇಲಕ್ಕೆ ಚೆನ್ನಾಗಿ ಒಸರುತ್ತದೆ. ನಿಂತೇ ಇರುವ ಟೈರಿಗೆ ಆ ಭಾಗ್ಯ ಕಡಿಮೆ. ಹೀಗೆ ನಮ್ಮ ಮಿತವ್ಯಯವೇ ಅದನ್ನು ಮುದಿಮಾಡುತ್ತಿತ್ತು! ಬಿರುಕು ಒಳಗಿನ ನೂಲುಗಳನ್ನು ಮುಟ್ಟಿದರೆ, ಇಲ್ಲವೆ ಪಕ್ಕೆ ಗುಳ್ಳೆಯಂತೆ ಉಬ್ಬಿದರೆ, ತೇಪೆಯಿಂದ ಪ್ರಯೋಜನವಿಲ್ಲ. ಗಾಳಿ ಕಡಿಮೆಯಿದ್ದರಂತೂ ಪಕ್ಕೆಯು ಹೆಚ್ಚು ಬಾಗಿ ಕಾಯುತ್ತದೆ. ಹೆದ್ದಾರಿಯ ವೇಗದಲ್ಲಿ ಒಡೆಯುವುದು ಬಹುಮಟ್ಟಿಗೆ ಇಂತಹ ಟೈರೇ.

ಅತ್ತೆಯವರಿಗೆ ಈ ವಾದವು ರುಚಿಸಲಿಲ್ಲ. “ಹರೀಲಾರದ ಚಪ್ಪಲಿ ಯಾರರೆ ಒಗೀತಾರೇನಪಾ?” ಎಂದರು. ಚಪ್ಪಲಿ ಹರಿದರೆ ಬರಿಗಾಲಲ್ಲಿ ನಡೆಯಬಹುದಷ್ಟೆ. ಅವರು ಕುಳಿತುಕೊಳ್ಳುವುದು ಅದೇ ಎಡಗಾಲಿಯ ಹಿಂದೆ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಪಕ್ಕದಲ್ಲಿ ಮೊಮ್ಮಗಳು. ಇದನ್ನು ಅವರಿಗೆ ಹೇಳದೆ, ನಾಲ್ಕನ್ನೂ ಬದಲಿಸಲು ನಿಶ್ಚಯಿಸಿದೆನು. ಖರ್ಚು ಸಣ್ಣದಲ್ಲ, ಆ ತಿಂಗಳು ಕೊಳ್ಳಬೇಕೆಂದಿದ್ದ ಪುಸ್ತಕಗಳು ಅಂಗಡಿಯಲ್ಲೇ ಉಳಿದುವು.

ಟೈರಿನಂಗಡಿಯವನು ಮೊದಲು ತಂದಿಟ್ಟವು ಹೊಳೆಯುತ್ತಿದ್ದುವು. ಬಗ್ಗಿ ಅಂಕಿಗಳನ್ನು ಓದಿದೆನು: ಮೂರು ವರ್ಷದ ಹಿಂದಿನವು. “ಹೊಸಾವೇ ಅದಾವಲ್ರಿ” ಎಂದನಾತ. ಬೇರೆ ತರಿಸಿರೆಂದೆನು, ಎರಡು ದಿನ ಕಾಯಬೇಕಾಯಿತು. ಆ ವಾರ ಅತ್ತೆಯವರು ಬಸ್ಸಿನಲ್ಲಿಯೇ ಬಂದರು.